ಮಹಡಿಯ ಕೈ

"ನಿಮ್ಮ ಕಂಪ್ಯೂಟರ್‌ಗೆ ದೆವ್ವಗಿವ್ವ ಏನಾದ್ರೂ ಮೆಟ್ಕೊಂಡಿದೆಯಾ?" ಎಂದು ಕೇಳಿ ಆಸ್ಪತ್ರೆಯ ದೊಡ್ಡ ನರ್ಸ್ ಕುರ್ಚಿಯನ್ನು ತುಸು ಹಿಂದಕ್ಕೆಳೆದುಕೊಂಡರು.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೌಸ್ ಮೇಜಿನ ಮೇಲೆ ತನ್ನ ಪಾಡಿಗೆ ತಾನು ಬಿದ್ದಿತ್ತು. ಅಂಗಡಿಯಾಕೆಯ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ನರ್ಸ್ ತಂದ ಮಕ್ಕಳ ಹೊದಿಕೆ. ಆದರೂ ಪರದೆಯ ಮೇಲೆ ಬಿಳಿ ಬಾಣವೊಂದು ತಾನಾಗಿಯೇ ನಡೆಯುತ್ತಿತ್ತು. ನೆಟ್ಟಗೇನೂ ನಡೆಯುತ್ತಿರಲಿಲ್ಲ, ಒಂದಿಷ್ಟು ಮುಂದೆ, ಒಂದಿಷ್ಟು ಪಕ್ಕಕ್ಕೆ, ನಡುವೆ ನಡುಕ. ಹಾಗೆ ತಡವರಿಸಿಕೊಂಡು ಹೋಗಿ ಪರದೆಯಲ್ಲಿದ್ದ ಪುಟ್ಟ ಹಕ್ಕಿಯ ಬಾಲದ ಹತ್ತಿರ ನಿಂತುಕೊಂಡಿತು.

"ದೆವ್ವ ಅಲ್ಲ ಸಿಸ್ಟರ್, ನಮ್ಮ ಯಜಮಾನ್ರು. ಮಹಡಿ ಮೇಲಿದಾರೆ," ಎಂದಳು ಅಂಗಡಿಯಾಕೆ.

ಅವಳ ಗಂಡನನ್ನು ಬೀದಿಯವರೆಲ್ಲ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಶಾಲೆಯ ಅಂಗಿಯ ಜೇಬಿನ ಲಾಂಛನ, ಹೋಟೆಲಿನ ಟವೆಲ್ಲಿನ ಅಂಚು, ಬೆಂಕಿ ಆರಿಸುವವರ ತೋಳಿನ ಪಟ್ಟಿ, ಹೀಗೆ ಆ ಊರಿನಲ್ಲಿ ಬಟ್ಟೆಯ ಮೇಲೆ ದಾರದಲ್ಲಿ ಮೂಡಿದ್ದರಲ್ಲಿ ಬಹುಪಾಲು ಅವರ ಕೈಯಿಂದ ಬಂದದ್ದು. ಕಸೂತಿ ಯಂತ್ರ ಹೊಲಿಯುತ್ತದೆ, ನಿಜ. ಆದರೆ ಅದಕ್ಕೆ ತಲೆಯಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆಗೆ ವಾಲಬೇಕು, ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಒಂದೊಂದು ಹೊಲಿಗೆಯನ್ನೂ ಮೊದಲು ಕಂಪ್ಯೂಟರಿನಲ್ಲಿ ಕೂರಿಸಿಕೊಡಬೇಕು. ಮಾಸ್ಟರ್ ಅದನ್ನು ಮಾಡಿಕೊಂಡೇ ಕೂದಲು ಹಣ್ಣು ಮಾಡಿಕೊಂಡಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಬಲಗಾಲು ಉಳಿಯಲಿಲ್ಲ. ಮಾತು ಉಳಿಯಿತು, ಆದರೆ ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಸೇದಬೇಕಾಗಿತ್ತು. ಮನೆಯ ಮೆಟ್ಟಿಲು ಇಕ್ಕಟ್ಟು, ಕಡಿದು. ಇಳಿಸುವುದಕ್ಕೆ ಇಬ್ಬರು ಗಟ್ಟಿಮುಟ್ಟಾದವರು ಬೇಕು. ಹಾಗಾಗಿ ಅವರು ಮೇಲಿನ ಕೋಣೆಯಲ್ಲಿ ಮಂಚಕ್ಕೆ ಒರಗಿ ಕೂತು, ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎಡಗೈಯಿಂದ ಕೆಳಗಿನ ಕಂಪ್ಯೂಟರಿನೊಳಕ್ಕೆ ಬರುತ್ತಿದ್ದರು. ಹೇಗೆ ಬರುತ್ತಿದ್ದರು ಎಂದು ಹೆಂಡತಿ ಯಾವತ್ತೂ ಕೇಳಿರಲಿಲ್ಲ. ಮನೆಯ ಗಂಡಸು ಮನೆಯೊಳಗೆ ಬರುವುದನ್ನು ಯಾರು ಕೇಳುತ್ತಾರೆ?

ಅವರ ಕೋಣೆ ಯಂತ್ರದ ನೆತ್ತಿಯ ಮೇಲೇ ಇತ್ತು. ಸದ್ದು ಚಾವಣಿ ದಾಟಿ ಮಂಚದ ಕಾಲಿಗೆ ತಲುಪುತ್ತಿತ್ತು, ಅಲ್ಲಿಂದ ಅವರಿಗೆ. ಹೊಲಿಗೆ ಹದವಾಗಿದ್ದರೆ ಯಂತ್ರ ಒಂದೇ ಸಮ ಗುನುಗುತ್ತದೆ. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಒತ್ತೊತ್ತಾದರೆ ಸೂಜಿ ಕುಟ್ಟತೊಡಗುತ್ತದೆ, ಆಮೇಲೆ ಟಕ್ಕೆಂದು ದಾರ ಕಡಿಯುತ್ತದೆ. ಆ ಕುಟ್ಟುವ ಸದ್ದು ಶುರುವಾಯಿತೆಂದರೆ ಬಾಣ ಬಂತೆಂದೇ ಅರ್ಥ. ಬಾಣಕ್ಕೆ ಅದರದೇ ಆದ ಭಾಷೆಯಿತ್ತು. ದುಂಡಗೆ ಸುತ್ತಿದರೆ ಸರಿ. ಆ ಕಡೆ ಈ ಕಡೆ ಅಲ್ಲಾಡಿದರೆ ಬೇಡ. ಪರದೆಯ ಮೂಲೆಯ ಗಡಿಯಾರದ ಹತ್ತಿರ ಹೋಗಿ ನಿಂತರೆ ಹಸಿವು. ಬಾಯಿಂದ ನಾಲ್ಕು ಮಾತು ಹೊರಡಿಸಲು ಒದ್ದಾಡುವ ಮನುಷ್ಯ ಬಾಣದಲ್ಲಿ ವಾಚಾಳಿಯಾಗಿದ್ದರು. ಅವಳೂ ಪರದೆಗೇ ಬಾಯಿಬಿಟ್ಟು ಉತ್ತರ ಕೊಡುತ್ತಿದ್ದಳು. ಬೀದಿಯಲ್ಲಿ ಹೋಗುವವರು ಇಣುಕಿ ನೋಡಿ, ಪಾಪ, ಗಂಡನ ಚಿಂತೆಯಲ್ಲಿ ಇವಳಿಗೂ ಏನೋ ಆಗಿದೆ ಅಂದುಕೊಂಡು ಹೋಗುತ್ತಿದ್ದರು.

ತೊಂದರೆಯೆಂದರೆ ಬಾಣ ಒಂದು, ಕೈ ಎರಡು. ಅವಳು ಮೌಸ್ ಆಡಿಸುವಾಗಲೇ ಅವರೂ ಆಡಿಸಿದರೆ ಅದು ನಡುವೆ ಸಿಕ್ಕಿ ಎಳೆದಾಡಿಸಿಕೊಳ್ಳುತ್ತಿತ್ತು.

ಅವತ್ತೂ ಆದದ್ದು ಅದೇ. ಮಕ್ಕಳ ವಾರ್ಡಿನ ಹೊದಿಕೆಗಳ ಮೂಲೆಯಲ್ಲಿ ಒಂದೊಂದು ಹಕ್ಕಿ ಬೇಕಾಗಿತ್ತು. ಮಾಸ್ಟರ್ ಎಂದೋ ಮಾಡಿಟ್ಟಿದ್ದ ದೊಡ್ಡ ಹಕ್ಕಿಯನ್ನೇ ಕುಗ್ಗಿಸಿದರಾಯಿತು ಎಂದು ಅವಳ ಲೆಕ್ಕ. ಕುಗ್ಗಿಸಿದಾಗ ಬಾಲದ ಹೊಲಿಗೆಗಳು ಒತ್ತೊತ್ತಾಗುತ್ತವೆ, ತೆಳುವು ಮಾಡಬೇಕು ಎಂದು ಬಾಣದ ವಾದ. ನರ್ಸ್‌ಗೆ ಅವಸರ, ಮಾದರಿ ನೋಡಿಕೊಂಡೇ ಹೋಗುತ್ತೇನೆ ಎಂದು ಕೂತಿದ್ದರು. ಅವಳು ಮೌಸ್ ಎಳೆದಳು, ಅವರು ಆಚೆಗೆ ಎಳೆದರು. ಎಲ್ಲೋ ಒಂದು ತಪ್ಪು ಒತ್ತು ಬಿದ್ದು ಹಕ್ಕಿ ಪರದೆಯಿಂದಲೇ ಹಾರಿಹೋಯಿತು.

"ಅಯ್ಯೋ, ಎಲ್ಲಿ ಹೋಯ್ತು?" ಎಂದರು ನರ್ಸ್.

ಅವಳು ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದಳು: "ರೀ, ಸ್ವಲ್ಪ ಅಲ್ಲಿಂದ ಕೈ ತೆಗೀತೀರಾ? ಗಿರಾಕಿ ಎದುರಿಗೆ ಮಾನ ಕಳೀಬೇಡಿ."

ತಿರುಗಿ ಬಂದಾಗ ಬಾಣ ಪರದೆಯ ಅಂಚಿನಲ್ಲಿ ಅಲುಗದೆ ನಿಂತಿತ್ತು. ಹಕ್ಕಿ ಮತ್ತೆ ಸಿಕ್ಕಿತು, ಮಾದರಿ ಹೊಲಿದದ್ದೂ ಆಯಿತು. ಬಾಲದ ಹತ್ತಿರ ಬಟ್ಟೆ ಸುಕ್ಕುಗಟ್ಟಿತು. "ಇದೊಂದು ಸರಿ ಮಾಡ್ಬಿಡಿ," ಎಂದು ಹೇಳಿ ನರ್ಸ್ ಹೋದರು. ರಾತ್ರಿ ಊಟ ಕೊಡುವಾಗ ಅವಳು ಗಂಡನ ಮುಖವನ್ನು ಕದ್ದು ನೋಡಿದಳು. ಅವರು ಎಂದಿನಂತೆ ಒಂದು ಬದಿಯ ತುಟಿಯಲ್ಲಿ ನಕ್ಕರು. ಅಷ್ಟು ಗಟ್ಟಿಯಾಗಿ ಕೂಗಬಾರದಿತ್ತು ಎಂದು ಹೇಳಬೇಕೆಂದುಕೊಂಡಳು. ಹೇಳಲಿಲ್ಲ. ನಕ್ಕರಲ್ಲ, ಸರಿಹೋಯಿತು ಎಂದುಕೊಂಡಳು.

ಆ ವಾರವೇ ಎದುರಿನ ಮುದ್ರಣಾಲಯಕ್ಕೆ ಆಪತ್ತು ಬಂತು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಒಂದು ಕಡತವೂ ತೆರೆಯದು. ಎಲ್ಲದರ ಹೆಸರೂ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಹೊರಗಿನಿಂದ ಯಾರೋ ನುಗ್ಗಿ ಬೀಗ ಜಡಿದು ಹೋಗಿದ್ದರು. ಮುದ್ರಣಾಲಯದವನು ಹೊಸ್ತಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದನ್ನು ಅವಳು ಅಂಗಡಿಯಿಂದಲೇ ನೋಡಿದಳು. ಮಾಸ್ಟರ್ ಮಾಡಿದ ಡಿಸೈನುಗಳೆಲ್ಲ ಇದ್ದದ್ದು ಈ ಒಂದು ಹಳೆಯ ಪೆಟ್ಟಿಗೆಯಲ್ಲಿ. ಬೇರೆಯವರದು ಹೋದರೆ ಇನ್ನೊಂದು ಸಲ ಮಾಡಿಕೊಂಡಾರು. ಇವರದನ್ನು ಮಾಡಿದ ಕೈಯೇ ಈಗ ಇಲ್ಲ.

ಅವಳು ತಮ್ಮನಿಗೆ ಫೋನು ಮಾಡಿದಳು.

ತಮ್ಮನಿಗೆ ಮನೆಯಲ್ಲಿ ಚಿಲಕ ಎಂದು ಹೆಸರು. ಸಣ್ಣವನಿದ್ದಾಗ ಕಂಡ ಕಂಡ ಬಾಗಿಲಿಗೆಲ್ಲ ಚಿಲಕ ಹಾಕಿ ಮನೆಯವರನ್ನು ಹೊರಗೆ ನಿಲ್ಲಿಸುತ್ತಿದ್ದ. ದೊಡ್ಡವನಾದ ಮೇಲೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಊರಿನ ಅಂಗಡಿ, ಕಚೇರಿಗಳ ಕಂಪ್ಯೂಟರುಗಳನ್ನು ಕಾಯುವುದು ಅವನ ಕೆಲಸ. ಬಂದವನೇ ಮೊದಲು ಡಿಸೈನುಗಳಿಗೆಲ್ಲ ಒಂದು ಪ್ರತಿ ಮಾಡಿ ಅವಳ ಕೈಗೆ ಕೊಟ್ಟ.

"ಇಷ್ಟು ಸಾಕಲ್ವಾ?" ಎಂದಳು ಅವಳು.

"ಸಾಲಲ್ಲ. ಡಿಸೈನ್ ಉಳಿದು ಕಂಪ್ಯೂಟರ್ ಹೋದ್ರೆ ಏನ್ ಮಾಡ್ತೀಯ? ನಿನ್ನ ಯಂತ್ರ ಓಡಿಸೋ ಸಾಫ್ಟ್‌ವೇರ್ ಈ ಹಳೇ ವಿಂಡೋಸ್‌ನಲ್ಲಿ ಬಿಟ್ರೆ ಬೇರೆಲ್ಲೂ ಓಡಲ್ಲ. ಅದನ್ನ ಮಾಡಿದೋರು ಅಂಗಡಿ ಮುಚ್ಕೊಂಡು ಹೋಗಿ ಕಾಲವಾಯ್ತು."

"ಹಾಗಾದ್ರೆ ವಿಂಡೋಸೇ ಗಟ್ಟಿ ಮಾಡು."

"ಗಟ್ಟಿ ಮಾಡ್ಬೇಕಾದೋರು ಕೈ ಬಿಟ್ಟಿದಾರಲ್ಲ ಅಕ್ಕ. ಮೊದಲೆಲ್ಲ ಎಲ್ಲಾದ್ರೂ ತೂತು ಕಂಡ್ರೆ ರಿಪೇರಿ ಕಳಿಸ್ತಿದ್ರು. ಈಗ ಇಲ್ಲ. ಬಿದ್ದ ತೂತು ಬಿದ್ದ ಹಾಗೇ ಇರುತ್ತೆ." ಅವನು ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದನ್ನು ತೆರೆದ. "ನೋಡು, ಇವೆಲ್ಲ ವಿಂಡೋಸ್ ಜೊತೆಗೇ ಬಂದವು. ನಾವು ಕೇಳಿದ್ದಲ್ಲ, ಹಾಕ್ಕೊಂಡಿದ್ದಲ್ಲ. ಒಂದೊಂದೂ ಒಂದೊಂದು ಬಾಗಿಲು. ನೀನು ಬಳಸದೇ ಇರೋದನ್ನೆಲ್ಲ ತೆಗೆದುಹಾಕಿದ್ರೆ ಅಷ್ಟು ಬಾಗಿಲು ಕಡಿಮೆ ಆಗುತ್ತೆ. ನಾನು ಕೇಳ್ತಾ ಹೋಗ್ತೀನಿ, ನೀನು ಹೇಳು. ಈ ಇಸ್ಪೀಟು ಆಟ?"

"ಆಟ ಆಡೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಕೆಲಸ ಇದ್ದೋರೇ ಜಾಸ್ತಿ ಆಡೋದು. ಹಾಡು ಕೇಳೋದು?"

"ಈ ಯಂತ್ರದ ಗದ್ದಲದಲ್ಲಿ ಯಾವ ಹಾಡು. ತೆಗಿ."

"ಮೇಲ್? ಇಂಟರ್‌ನೆಟ್ ನೋಡೋದು?"

"ಗಿರಾಕಿಗಳು ಮೇಲ್‌ನಲ್ಲೇ ಚಿತ್ರ ಕಳಿಸ್ತಾರಲ್ಲೋ."

"ಅದನ್ನ ನಿನ್ನ ಫೋನ್‌ಗೆ ಹಾಕ್ಕೊಡ್ತೀನಿ. ಫೋನಿಂದ ಚಿತ್ರ ಮಾತ್ರ ಇಲ್ಲಿಗೆ ಕಳಿಸು. ಕಂಡೋರ ಮೇಲ್ ಇದರಲ್ಲಿ ತೆರೆಯೋದೇ ಬೇಡ." ಅವನ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿತು. ಅದರ ಪಕ್ಕದಲ್ಲಿ ಎರಡು ಪುಟ್ಟ ಕಂಪ್ಯೂಟರಿನ ಚಿತ್ರ, ನಡುವೆ ಒಂದು ಗೆರೆ. "ಇದು ನೋಡು, ಬಹಳ ಅಪಾಯದ್ದು. ಆಫೀಸಿನೋರು ಬೇರೆ ಬೇರೆ ಕಡೆ ಕೂತು ಸಭೆ ಮಾಡ್ಲಿ ಅಂತ ಕೊಟ್ಟಿರೋದು. ಕಂಪ್ಯೂಟರ್ ಹಚ್ಚಿದಾಗಿಂದ ಕಿವಿ ತೆರ್ಕೊಂಡು ಕೂತಿರುತ್ತೆ, ಯಾರು ಕರೀತಾರೋ ಅಂತ."

"ಅದರ ಮುಖಾನೇ ನಾನು ನೋಡಿಲ್ಲ. ಇಲ್ಲಿ ಯಾರ ಸಭೆ? ಕಿತ್ತು ಹಾಕು."

ಚಿಲಕ ಒಂದು ಗಳಿಗೆ ತಡೆದ. "ಭಾವನ್ನ ಒಂದು ಮಾತು ಕೇಳ್ಲಾ?"

"ಬೇಡ. ಬೆಳಿಗ್ಗೆ ವ್ಯಾಯಾಮ ಮಾಡಿಸೋರು ಬಂದು ಹಿಂಡಿ ಹಿಪ್ಪೆ ಮಾಡಿ ಹೋಗಿದಾರೆ. ಈಗಷ್ಟೇ ಕಣ್ಣು ಹತ್ತಿದೆ. ಇಂಥದ್ದಕ್ಕೆಲ್ಲ ಎಬ್ಬಿಸ್ಬೇಡ."

ಅದು ಅವಳ ಪ್ರೀತಿಯೇ. ಗಂಡನ ನಿದ್ದೆಯನ್ನು ಅವಳು ಕಾಯುತ್ತಿದ್ದ ಹಾಗೆ ಬೇರೆ ಯಾವುದನ್ನೂ ಕಾಯುತ್ತಿರಲಿಲ್ಲ. ಚಿಲಕ ಒತ್ತಿದ. ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ ಪಟ್ಟಿಯಿಂದ ಮರೆಯಾಯಿತು. ಸಂಜೆಯ ಹೊತ್ತಿಗೆ ಪರದೆ ಗುಡಿಸಿ ಸಾರಿಸಿದ ಅಂಗಳದ ಹಾಗೆ ಖಾಲಿಯಾಗಿತ್ತು. ಅವಳು ನಿಟ್ಟುಸಿರು ಬಿಟ್ಟು ತಮ್ಮನಿಗೆ ಒಂದು ಲೋಟ ಚಹಾ ಹೆಚ್ಚಿಗೆ ಕೊಟ್ಟಳು.

ಮರುದಿನ ಅವಳು ಹೊದಿಕೆಗಳ ಕೆಲಸ ಹಿಡಿದಳು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಯಂತ್ರ ಹಚ್ಚಿದಳು. ಹಕ್ಕಿಯ ತಲೆ ಮೂಡಿತು, ಎದೆ ಮೂಡಿತು. ಬಾಲಕ್ಕೆ ಬಂದಾಗ ಸೂಜಿ ಕುಟ್ಟತೊಡಗಿತು. ಅವಳು ಯಂತ್ರದ ಕಡೆ ನೋಡಲಿಲ್ಲ, ಪರದೆಯ ಕಡೆ ನೋಡಿದಳು. ಬಾಣ ಬರಲಿಲ್ಲ. ಟಕ್ಕೆಂದು ದಾರ ಕಡಿಯಿತು. ಪೋಣಿಸಿ ಮತ್ತೆ ಹಚ್ಚಿದಳು. ಮತ್ತೆ ಕಡಿಯಿತು.

"ಕೇಳಿಸ್ಲಿಲ್ವಾ?" ಎಂದು ಪರದೆಯನ್ನು ಕೇಳಿದಳು. ಪರದೆ ಸುಮ್ಮನಿತ್ತು.

ನಿದ್ದೆಯಲ್ಲಿರಬೇಕು ಎಂದುಕೊಂಡಳು. ಮಧ್ಯಾಹ್ನವೂ ಬಾಣ ಬರಲಿಲ್ಲ, ಅದರ ಮರುದಿನವೂ ಇಲ್ಲ. ಆಗ ಅವಳಿಗೆ ಮೆಟ್ಟಿಲ ಬುಡದಲ್ಲಿ ತಾನು ಕೂಗಿದ್ದು ನೆನಪಾಯಿತು. ಓಹೋ, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಖ ಊದಿಸಿಕೊಂಡಿದ್ದಾರೆ. ಒಂದು ಮಾತು, ಅದೂ ಗಿರಾಕಿ ಎದುರಿಗಿದ್ದಾಗ ಬಾಯಿ ತಪ್ಪಿ ಬಂದದ್ದು. ಅಷ್ಟಕ್ಕೆ ಇಷ್ಟು ಬಿಗುಮಾನವೇ? ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಊಟ ತೆಗೆದುಕೊಂಡು ಮೇಲೆ ಹೋದಳು.

ಅವರು ಕಿಟಕಿಯ ಕಡೆ ಮುಖ ಮಾಡಿ ಒರಗಿದ್ದರು. ಲ್ಯಾಪ್‌ಟಾಪ್ ಮುಚ್ಚಿತ್ತು. ತುತ್ತು ಕೊಟ್ಟರೆ ಬಾಯಿ ತೆರೆದರು, ಸಾಕಾದಾಗ ತಲೆ ಆಡಿಸಿದರು. ಅವಳು ಲೋಟ ಕೆಳಗಿಟ್ಟು ಕೇಳಿಯೇಬಿಟ್ಟಳು.

"ಕೆಳಗಿನ ಸದ್ದು ಇಲ್ಲಿಗೆ ಕೇಳಲ್ವಾ ಈಗ?"

"ಕೇಳ್... ತ್ತೆ."

"ದಾರ ಕಡೀತಾ ಇದೆ."

ಅವರು "ಹೂಂ," ಎಂದರು.

ಅಷ್ಟೇ. ಅವಳು ತಟ್ಟೆ ಎತ್ತಿಕೊಂಡು ಇಳಿದು ಬಂದಳು. ಇಬ್ಬರದೂ ಒಂದೇ ಮನೆ, ನಡುವೆ ಒಂದೇ ಚಾವಣಿ. ಮೇಲಿದ್ದವರು ಕೆಳಗಿನಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದರು, ಕೆಳಗಿದ್ದವಳು ಮೇಲಿನಿಂದ ಬಾಣ ಬರಲಿ ಎಂದು ಕಾಯುತ್ತಿದ್ದಳು. ಹೀಗೆ ಕಾಯುವುದರಲ್ಲಿ ಗಂಡ ಹೆಂಡಿರನ್ನು ಮೀರಿಸಿದವರಿಲ್ಲ.

ಕೆಲಸ ಮಾತ್ರ ಕಾಯುವುದಿಲ್ಲ. ಅವಳು ತಾನೇ ಬಾಲವನ್ನು ಬಿಚ್ಚಿ ಕೂತಳು. ಹಳೆಯ ದಿಂಬಿನ ಚೀಲದ ಮೇಲೆ ಹೊಲಿದು ನೋಡುವುದು, ಒಂದಿಷ್ಟು ಹೊಲಿಗೆ ಕಡಿಮೆ ಮಾಡುವುದು, ಮತ್ತೆ ಹೊಲಿಯುವುದು. ಮೊದಲು ಬಾಲ ಪೊರಕೆಯಂತಾಯಿತು, ಆಮೇಲೆ ಪುಕ್ಕ ಕಿತ್ತ ಕೋಳಿಯದಾಯಿತು. ದಿಂಬಿನ ಚೀಲದಲ್ಲಿ ಜಾಗವಿಲ್ಲದಷ್ಟು ಬಾಲಗಳಾದ ಮೇಲೆ ಒಂದು ಮಧ್ಯಾಹ್ನ ಹೊದಿಕೆಯನ್ನೇ ಬಿಗಿದು ಹಚ್ಚಿದಾಗ ಯಂತ್ರ ಬಾಲದ ಮೇಲೂ ಗುನುಗುತ್ತಲೇ ಹೋಯಿತು. ಸುಕ್ಕಿಲ್ಲ, ದಾರ ಕಡಿಯಲಿಲ್ಲ. ಅವಳು ತಲೆ ಎತ್ತಿ ಪರದೆ ನೋಡಿದಳು. ಬಾಣ ದುಂಡಗೆ ಸುತ್ತಲಿಲ್ಲ. ಸುತ್ತಲಿ ಎಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ತಾನೇ ಮೌಸ್ ಹಿಡಿದು ಒಂದು ಸುತ್ತು ಸುತ್ತಿಸಿದಳು. ಸುತ್ತಿಸಿ ನಾಚಿಕೆಪಟ್ಟುಕೊಂಡಳು.

ಸಾಕು ಈ ಹಟ ಎಂದು ಆ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ತೋರಿಸಿ ಬೈಸಿಕೊಂಡರೂ ಸರಿ.

ಮಾಸ್ಟರ್ ಕೂತಲ್ಲೇ ನಿದ್ದೆ ಹೋಗಿದ್ದರು. ಹಲಗೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಎಡಗೈ ಅದರ ಪಕ್ಕ ಮಗುಚಿ ಬಿದ್ದಿತ್ತು. ಪರದೆಯ ನಡುವೆ ಒಂದು ಸಣ್ಣ ಚೌಕ: ಆ ಕಂಪ್ಯೂಟರ್ ಉತ್ತರಿಸುತ್ತಿಲ್ಲ, ಮತ್ತೆ ಕರೆಯಬೇಕೇ? ಅವಳು ಬಗ್ಗಿ 'ಹೌದು' ಎಂಬುದನ್ನು ಒತ್ತಿದಳು. ಒಂದಿಷ್ಟು ಹೊತ್ತು ಏನೋ ತಿರುಗಿತು. ಮತ್ತೆ ಅದೇ ಚೌಕ. ಆಗ ಅದರ ಮೂಲೆಯಲ್ಲಿದ್ದ ಚಿತ್ರ ಅವಳ ಕಣ್ಣಿಗೆ ಬಿತ್ತು. ಎರಡು ಪುಟ್ಟ ಕಂಪ್ಯೂಟರು, ನಡುವೆ ಒಂದು ಗೆರೆ.

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು. ಮಂಚ ಅಲುಗಿ ಅವರಿಗೆ ಎಚ್ಚರವಾಯಿತು.

"ಇದರಿಂದಾನಾ?" ಎಂದಳು. "ಇದರಿಂದಾನಾ ನೀವು ಕೆಳಗೆ ಬರ್ತಿದ್ದಿದ್ದು?"

ಅವರು ತಲೆಯಾಡಿಸಿದರು. ಸಿಕ್ಕಿಬಿದ್ದ ಹುಡುಗನ ಹಾಗೆ ಎಡಗೈಯಿಂದ ಲ್ಯಾಪ್‌ಟಾಪ್ ಮುಚ್ಚಲು ಹೋದರು. ಅವಳು ಬಿಡಲಿಲ್ಲ.

"ದಿನಾ ಕರೀತಾ ಇದ್ರಾ?"

"ಸುಮ್... ನೆ."

"ನನಗ್ಯಾಕೆ ಹೇಳ್ಲಿಲ್ಲ?"

ಅವರ ಬಾಯಿ ಪದಕ್ಕಾಗಿ ತಡಕಾಡಿತು. ಬೆರಳಿನಿಂದ ನೆಲ ತೋರಿಸಿದರು. "ಕೇಳಿಸ್... ತು. ನೀನೇ ಅಂದೆ. ಕಿತ್ತು... ಹಾಕು." ಸ್ವಲ್ಪ ಸುಧಾರಿಸಿಕೊಂಡರು. "ಒಳ್ಳೇದೇ... ಮಾಡ್ದೆ. ನಾನು... ಅಡ್ಡ... ಬರ್ತಿದ್ದೆ."

ಅವಳಿಗೆ ಎಲ್ಲಾ ಒಟ್ಟಿಗೇ ಅರ್ಥವಾಯಿತು. ಅವರ ಲೆಕ್ಕದಲ್ಲಿ, ಒಂದು ದಿನ ಕೈ ತೆಗೀರಿ ಎಂದು ಕೂಗಿದವಳು, ಕೆಲವೇ ದಿನಕ್ಕೆ ತಮ್ಮನನ್ನು ಕರೆಸಿ, ಗಂಡ ಮಲಗಿರುವ ಹೊತ್ತು ನೋಡಿ, ಅವರ ಕೈಯನ್ನು ಕಿತ್ತು ಹಾಕಿಸಿದ್ದಳು. ಅವರು ನಿದ್ದೆಯ ಅಂಚಿನಲ್ಲಿ ಅದನ್ನು ಕೇಳಿಸಿಕೊಂಡು, ಒಂದು ಮಾತೂ ಆಡದೆ, ಅವಳು ಕೊಟ್ಟ ತುತ್ತು ತಿಂದುಕೊಂಡು ಇದ್ದರು. ದಿನವೂ ಒಂದು ಸಲ ಕರೆದು ನೋಡಿಕೊಂಡು ಇದ್ದರು.

"ನನಗೆ ಗೊತ್ತಿರ್ಲಿಲ್ಲ ಕಣ್ರೀ," ಎಂದಳು. "ಅದು ನಿಮ್ಮದು ಅಂತ ದೇವರಾಣೆ ಗೊತ್ತಿರ್ಲಿಲ್ಲ. ಎದುರಿನೋರಿಗೆ ಹಾಗಾಯ್ತಲ್ಲ, ನೀವು ಮಾಡಿಟ್ಟಿರೋದೆಲ್ಲ ಹೋಗ್ಬಿಡುತ್ತೆ ಅಂತ ಹೆದರಿ ತೆಗೆಸ್ದೆ. ನಿಮ್ಮ ಕೈಯಿಂದು ಒಂದೂ ಕಳ್ಕೊಬಾರ್ದು ಅಂತ."

ಅವರು ಅವಳನ್ನೇ ನೋಡಿದರು. "ಹಳೇದು... ಹೋದ್ರೆ ಹೋಗ್ಲಿ," ಎಂದರು. ಮತ್ತೆ ಬಹಳ ಹೊತ್ತು ಸೇದಿ, "ಇವತ್ತಿಂದು... ಬೇಕು."

"ಮತ್ತೆ ಅಡ್ಡ ಬರ್ತಿದ್ದೆ ಅಂದ್ರಲ್ಲ. ನೀವು ಅಡ್ಡ ಬರ್ದೇ ಇದ್ರೆ ನನಗೆ ಕೆಲಸ ಓಡಲ್ಲ." ಅವಳು ಹೊದಿಕೆಯ ಮೂಲೆಯಿಂದ ಮೂಗು ಒರೆಸಿಕೊಳ್ಳಲು ಹೋಗಿ, ಅದು ಆಸ್ಪತ್ರೆಯದೆಂದು ನೆನಪಾಗಿ ಸೆರಗಿನಿಂದ ಒರೆಸಿಕೊಂಡಳು. ಮಾಸ್ಟರ್ ಆ ಮೂಲೆಯನ್ನು ಎಡಗೈಯಲ್ಲಿ ಹಿಡಿದು ಬಾಲದ ಮೇಲೆ ಹೆಬ್ಬೆರಳು ಆಡಿಸಿದರು. ಹುಬ್ಬು ಮೇಲೇರಿತು. ಹೆಬ್ಬೆರಳನ್ನು ದುಂಡಗೆ ಸುತ್ತಿಸಿದರು.

ಫೋನಿನಲ್ಲಿ ಅಕ್ಕನ ದನಿ ಕೇಳಿಯೇ ಚಿಲಕ ಓಡಿ ಬಂದ. ಭಾವನ ಎದುರು ತಲೆ ತಗ್ಗಿಸಿ ಕೂತ. "ನಿಮ್ಮನ್ನ ಕೇಳ್ಬೇಕಿತ್ತು ಭಾವ. ನೀವು ಯಾವುದೋ ಹೊಸ ಪ್ರೋಗ್ರಾಮಿಂದ ಕೆಳಗೆ ಬರ್ತೀರ ಅಂದ್ಕೊಂಡಿದ್ದೆ."

"ಈಗ ವಾಪಸ್ ಹಾಕು," ಎಂದಳು ಅಕ್ಕ.

"ಹಾಗೆ ಹಾಕೋಕಾಗಲ್ಲ ಅಕ್ಕ. ಅದು ನಿಜವಾಗ್ಲೂ ತೂತಿನ ಬುಟ್ಟಿ. ಭಾವ ಬರೋ ದಾರೀಲೇ ಯಾರು ಬೇಕಾದ್ರೂ ಬರಬಹುದು."

"ಉಳಿದಿದ್ದೆಲ್ಲ ತೆಗೆದಿದೀಯಲ್ಲ, ಇದೊಂದು ಇರ್ಲಿ."

ಚಿಲಕ ಕತ್ತು ಕೆರೆದುಕೊಂಡ. "ಉಳಿದಿದ್ದೂ ಪೂರ್ತಿ ಹೋಗಿಲ್ಲ. ಇಂಟರ್‌ನೆಟ್ ನೋಡೋದನ್ನ ತೆಗೆದ್ನಲ್ಲ, ಅದರ ಮುಖ ಹೋಯ್ತು, ಬೇರು ಒಳಗೇ ಇದೆ. ಬೇರೆಯವು ಅದನ್ನ ನೆಚ್ಕೊಂಡಿವೆ, ಕಿತ್ರೆ ವಿಂಡೋಸೇ ಬೀಳುತ್ತೆ. ನಾನು ಅವತ್ತು ಸ್ವಲ್ಪ ಜಾಸ್ತೀನೇ ಜಂಬ ಕೊಚ್ಕೊಂಡೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಹೊರಗಿನೋರು ಒಳಗೆ ಬರೋದು ಯಾವುದರಿಂದ?"

"ನೆಟ್ ವೈರಿಂದ."

"ವೈರ್ ಕಿತ್ತು ಹಾಕು. ನನಗೆ ಅದು ಬೇಡ."

"ಗಿರಾಕಿಗಳ ಚಿತ್ರ?"

"ಕಾಗದದ ಮೇಲೆ ತರ್ಲಿ. ಸ್ಕ್ಯಾನರ್ ಇದೆಯಲ್ಲ ಮೂಲೇಲಿ, ಗೆದ್ದಲು ಹಿಡೀತಾ."

ಚಿಲಕ ಯೋಚಿಸಿದ. ಕಣ್ಣು ಕಿರಿದಾದವು, ಆಮೇಲೆ ಅರಳಿದವು. ಅಂಗಡಿಯ ಕಂಪ್ಯೂಟರನ್ನು ಹೊರಗಿನ ಸಂಪರ್ಕದಿಂದ ಪೂರಾ ಬಿಡಿಸಿ, ಅದರಿಂದ ಭಾವನ ಲ್ಯಾಪ್‌ಟಾಪಿಗೆ ಒಂದೇ ಒಂದು ವೈರು ಎಳೆದರೆ ಆ ಪ್ರೋಗ್ರಾಮನ್ನು ಮತ್ತೆ ಕೂರಿಸಬಹುದು. ಕಿವಿ ತೆರೆದುಕೊಂಡು ಕೂತರೂ ಕರೆಯುವವರು ಒಬ್ಬರೇ. "ಆದ್ರೆ ಭಾವ," ಎಂದು ಅವನು ಸಂಕೋಚದಿಂದ ನಿಲ್ಲಿಸಿದ. "ನಿಮ್ಮ ಲ್ಯಾಪ್‌ಟಾಪಿಗೂ ಹೊರಗಿನ ನಂಟು ಇರಬಾರ್ದು. ಇದಕ್ಕೆ ಸೋಂಕು ತಗುಲಿದ್ರೆ ವೈರ್ ಹಿಡ್ಕೊಂಡು ಅದಕ್ಕೂ ಹೋಗುತ್ತೆ. ನಿಮ್ಮ ಸಿನಿಮಾ, ಚದುರಂಗ, ಎಲ್ಲಾ ಬಂದ್ ಆಗುತ್ತೆ."

ಅವಳು ಗಂಡನ ಮುಖ ನೋಡಿದಳು. ದಿನಾ ಸಂಜೆ ದೂರದ ಗೆಳೆಯನೊಬ್ಬನ ಜೊತೆ ಲ್ಯಾಪ್‌ಟಾಪಿನಲ್ಲಿ ಚದುರಂಗ ಆಡುವುದು ಅವರಿಗೆ ಉಳಿದಿದ್ದ ಕೆಲವೇ ಸುಖಗಳಲ್ಲಿ ಒಂದು. ಅದನ್ನು ಬಿಡಿ ಎಂದು ಕೇಳುವ ಬಾಯಿ ಅವಳಿಗಿರಲಿಲ್ಲ. ಯಾರೂ ಕೇಳಬೇಕಾಗಿಯೂ ಬರಲಿಲ್ಲ. ಮಾಸ್ಟರ್ ಎಡಗೈಯನ್ನು ಲ್ಯಾಪ್‌ಟಾಪಿನ ಮೇಲಿಟ್ಟರು. ಬಾಣ ನಡುಗುತ್ತಾ, ತಡೆದು ತಡೆದು ಪರದೆಯ ಕೆಳಗಿನ ಮೂಲೆಗೆ ಹೋಗಿ ನೆಟ್ಟಿನ ಗುರುತನ್ನು ಒತ್ತಿ ಆರಿಸಿತು.

"ಚದುರಂಗ?" ಎಂದ ಚಿಲಕ.

"ಅವನೇ... ಯಾವಾಗ್ಲೂ... ಗೆಲ್ತಾನೆ," ಎಂದರು ಮಾಸ್ಟರ್.

ಆ ಪ್ರೋಗ್ರಾಮನ್ನು ಮತ್ತೆ ಹಾಕಲು ಹಳೆಯ ವಿಂಡೋಸಿನ ಸಿಡಿ ಬೇಕಾಯಿತು. ಅವಳು ಕಪಾಟುಗಳನ್ನೆಲ್ಲ ತಡಕಾಡಿ ಸೋತಳು. ಮೇಲೆ ಹೋಗಿ ಕೇಳಿದಾಗ, "ಬಾಬಿನ್... ಡಬ್ಬ" ಎಂಬ ಉತ್ತರ ಬಂತು. ತವರದ ಡಬ್ಬದಲ್ಲಿ, ದಾರ ಸುತ್ತುವ ಖಾಲಿ ಬಾಬಿನ್ನುಗಳ ಅಡಿಯಲ್ಲಿ, ಸಿಡಿಯನ್ನು ಒಂದು ತುಂಡು ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು.

ಚಾವಣಿಗೆ ತೂತು ಕೊರೆಯುವಾಗ ಅವಳು ಯಂತ್ರದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ಪಕ್ಕದಲ್ಲಿ ನಿಂತು ಏಣಿ ಹಿಡಿದುಕೊಂಡಳು. ಸುಣ್ಣದ ಪುಡಿ ಇಬ್ಬರ ತಲೆಯ ಮೇಲೂ ಉದುರಿತು.

"ಜೀವಮಾನವೆಲ್ಲ ಚಿಲಕ ಹಾಕ್ಕೊಂಡು ಬಂದೋನು ಈಗ ತೂತು ಕೊರೀತಾ ಇದೀಯಲ್ಲೋ."

"ಏಣಿ ಸರಿಯಾಗಿ ಹಿಡ್ಕೋ. ನಾನು ಬಿದ್ರೆ ನನ್ನನ್ನೂ ನೀನೇ ನೋಡ್ಕೋಬೇಕಾಗುತ್ತೆ."

ನೀಲಿ ವೈರು ಮಂಚದ ಕಾಲಿನ ಪಕ್ಕದಿಂದ ಇಳಿದು, ಗೋಡೆ ಹಿಡಿದುಕೊಂಡು ಬಂದು ಅವಳ ಮೇಜು ಸೇರಿತು. ಹೊರಗಿನಿಂದ ಬರುತ್ತಿದ್ದ ಇನ್ನೊಂದು ವೈರನ್ನು ಚಿಲಕ ಕಂಪ್ಯೂಟರಿನಿಂದ ಬಿಡಿಸಿ, ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ಎಲ್ಲಿ ಅಕ್ಕ ಮರೆತು ಮತ್ತೆ ಚುಚ್ಚಿಬಿಡುತ್ತಾಳೋ ಎಂದು ಅವನಿಗೆ ಅನುಮಾನ.

"ಇನ್ನು ಈ ಎರಡಕ್ಕೂ ಪ್ರಪಂಚದಲ್ಲಿ ಬೇರೆ ಯಾರೂ ಇಲ್ಲ," ಎಂದು ಕೈ ಒರೆಸಿಕೊಂಡ. "ಅದಕ್ಕೆ ಇದು, ಇದಕ್ಕೆ ಅದು."

ಅಕ್ಕ ಅವನ ಕೂದಲಿನಲ್ಲಿ ಕೂತಿದ್ದ ಸುಣ್ಣವನ್ನು ಕೊಡವಿ ಕಳಿಸಿದಳು.

ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಮುಗಿದು ಅಂಗಡಿ ತಣ್ಣಗಾಗಿತ್ತು. ನರ್ಸ್ ಹೊದಿಕೆಗಳ ಜೊತೆ ಪುಟ್ಟ ದಿಂಬುಗಳಿಗೂ ಹಕ್ಕಿ ಬೇಕೆಂದು ಹೇಳಿ ಕಳಿಸಿದ್ದರು. ಅದಕ್ಕೆ ಹಕ್ಕಿಯನ್ನು ಇನ್ನೂ ಸಣ್ಣದು ಮಾಡಬೇಕಿತ್ತು. ಅವಳು ಕುಗ್ಗಿಸಿದಳು, ಬಟ್ಟೆ ಬಿಗಿದಳು, ಯಂತ್ರ ಹಚ್ಚಿದಳು. ತಲೆ, ಎದೆ, ರೆಕ್ಕೆ. ಬಾಲಕ್ಕೆ ಬಂದಾಗ ಸೂಜಿ ಕುಟ್ಟತೊಡಗಿತು. ಏನು ಮಾಡಬೇಕೆಂದು ಈಗ ಅವಳಿಗೆ ಗೊತ್ತಿತ್ತು; ಯಾವ ಸಾಲಿನ ಹೊಲಿಗೆ ತೆಗೆಯಬೇಕು, ಎಷ್ಟು ತೆಗೆಯಬೇಕು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಯಂತ್ರ ನಿಲ್ಲಿಸಿ ಮೌಸ್ ಮೇಲೆ ಕೈಯಿಟ್ಟಳು.

ಪರದೆಯ ಅಂಚಿನಲ್ಲಿ ಬಾಣ ಅಲುಗಿತು.

ಅವಳ ಕೈ ಇದ್ದಲ್ಲೇ ನಿಂತಿತು. ಬಾಣ ನಡುಗಿತು, ದಾರಿ ತಪ್ಪಿತು, ಹಕ್ಕಿಯ ಕೊಕ್ಕಿನವರೆಗೆ ಹೋಗಿ ಹಿಂದೆ ಬಂತು. ಒಂದೊಂದೇ ಹೊಲಿಗೆ ಹುಡುಕಿಕೊಂಡು ಬಾಲದ ಕಡೆಗೆ ಹೊರಟಿತು. ಅವಳು ಮಾಡಿದ್ದರೆ ಕ್ಷಣದಲ್ಲಿ ಮುಗಿಯುವ ಕೆಲಸ. ಮೇಲೆ ಮಂಚ ಸಣ್ಣಗೆ ಕಿರುಗುಟ್ಟಿತು. ಅವಳು ಅಂಗೈಯನ್ನು ಮೌಸಿನ ಮೇಲಿಂದ ತೆಗೆಯಲಿಲ್ಲ, ಅಲುಗಿಸಲೂ ಇಲ್ಲ. ಅದು ಅವಳ ಕೈಯಡಿಯಲ್ಲಿ ಬೆಚ್ಚಗಾಗುತ್ತಾ ಸುಮ್ಮನಿತ್ತು, ಬಾಣ ಪರದೆಯ ಮೇಲೆ ನಡೆಯುತ್ತಾ ಇತ್ತು.